ಗಡ್ಡಕ್ಕೆ ಬಂದ ಹಕ್ಕಿ

ಮಸ್ಕತ್ತಿನಲ್ಲಿ, ಮತ್ರಾದ ಸೂಕ್ ಎಂಬ ಹಳೆಯ ಪೇಟೆಯ ಹಿಂದೆ, ಬೆಳ್ಳಿ ಅಂಗಡಿಗಳು ಮುಗಿದು ಮೀನಿನ ವಾಸನೆ ಶುರುವಾಗುವ ಓಣಿಯಲ್ಲಿ ಮುಹಿಯುದ್ದೀನ್ ಬ್ಯಾರಿಯವರ ಚಾದಂಗಡಿ ಇದೆ. ಬೋರ್ಡಿನಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಏನೋ ಭಾರೀ ಹೆಸರು ಬರೆದಿದೆ, ಅದನ್ನು ತಲೆಯೆತ್ತಿ ಓದಿದವರು ಮಾತ್ರ ಯಾರೂ ಇಲ್ಲ. ಟ್ಯಾಕ್ಸಿಯ ಒಮಾನಿಗಳಿಗೂ, ಹಳೆಯ ಗುಜರಾತಿ ಸೇಟುಗಳಿಗೂ, ಗಾಡಿ ತಳ್ಳುವ ಬಂಗಾಳಿಗಳಿಗೂ ಅದು ಮೊಯ್ದಿನಾಕನ ಅಂಗಡಿ. ಉಪ್ಪಿನಂಗಡಿಯಿಂದ ಬಂದ ಮೊಯ್ದಿನಾಕನ ಪ್ರಾಯ ಅರವತ್ತು ದಾಟಿದೆ. ಹೊಟ್ಟೆ ಸ್ವಲ್ಪ ಮುಂದೆ, ಟೊಪ್ಪಿ ಸ್ವಲ್ಪ ಹಿಂದೆ, ನಡುವೆ ಮದರಂಗಿ ಹಚ್ಚಿ ಕೆಂಪಗೆ ಮಾಡಿಕೊಂಡ ಗಡ್ಡ.

ಅವರ ಕರಕ್ ಚಾದ ಗುಟ್ಟು ಏಲಕ್ಕಿಯಲ್ಲೂ ಇಲ್ಲ, ಡಬ್ಬಿ ಹಾಲಿನಲ್ಲೂ ಇಲ್ಲ. ಒಂದೊಂದು ಕೆಟಲು ಇಳಿಸುವಾಗಲೂ ಅವರು ಸೌಟಿನಿಂದ ಎಡಗೈಯ ಅಂಗೈಗೆ ನಾಲ್ಕು ಹನಿ ಸುರಿದುಕೊಂಡು, ಚಪ್ಪರಿಸಿ, ಕಣ್ಣು ಮುಚ್ಚುತ್ತಾರೆ. ಕಣ್ಣು ತೆರೆದ ಮೇಲೆ ಒಂದೋ ‘ಹ್ಞೂಂ’, ಇಲ್ಲವೋ ಇನ್ನೊಂದು ಹಿಡಿ ಸಕ್ಕರೆ. ಹೆಚ್ಚಿನ ಸಲ ಇನ್ನೊಂದು ಹಿಡಿ ಸಕ್ಕರೆಯೇ. ಒಂದು ದಿನಕ್ಕೆ ಎಷ್ಟು ಕೆಟಲು ಇಳಿಯುತ್ತದೆ, ಎಷ್ಟು ಸಲ ಅಂಗೈ ಬಾಯಿಗೆ ಹೋಗುತ್ತದೆ ಎಂದು ಯಾರೂ ಲೆಕ್ಕ ಇಟ್ಟಿರಲಿಲ್ಲ. ಕೊನೆಗೆ ಲೆಕ್ಕ ಇಟ್ಟದ್ದು ಅವರ ರಕ್ತ.

ಕಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿ ಆದ ಒಂದು ಪುಟ್ಟ ಗಾಯ ವಾರಗಟ್ಟಲೆ ಒಣಗದೆ ಹೋದಾಗ ಮೊಯ್ದಿನಾಕ ಡಾಕ್ಟರ ಹತ್ತಿರ ಹೋದರು. ಡಾಕ್ಟರು ರಿಪೋರ್ಟು ನೋಡಿದ ಮೇಲೆ ಮೊಯ್ದಿನಾಕನ ಕಡೆ ನೋಡಲೇ ಇಲ್ಲ, ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿ ಐಶಮ್ಮನ ಜೊತೆಗೇ ಎಲ್ಲ ಮಾತಾಡಿ ಮುಗಿಸಿದರು. ಮನುಷ್ಯರನ್ನು ಅಳೆಯಲು ಬಲ್ಲ ಡಾಕ್ಟರು. ಐಶಮ್ಮ ಎಲ್ಲ ಕೇಳಿಸಿಕೊಂಡರು. ಮನೆಗೆ ಬಂದು ಬುರ್ಖಾ ಕಳಚಿ, ಒಂದು ಲೋಟ ನೀರು ಕುಡಿದು, ಆಮೇಲೆ ಹೇಳಿದರು:

“ನನ್ನ ಅಣ್ಣನ ಕಾಲು ಕತ್ತರಿಸಿದ್ದು ಇದೇ ಶುಗರಿಂದ. ಅವನ ಚಪ್ಪಲಿ ಒಂಟಿಯಾಗಿ ಬಾಗಿಲಲ್ಲಿ ಬಿದ್ದದ್ದನ್ನು ನೋಡಿದ್ದೇನೆ ನಾನು. ಇನ್ನೊಂದು ಸಲ ನಿಮ್ಮ ಬಾಯಿಗೆ ಸಕ್ಕರೆ ಹೋದದ್ದು ಕಂಡರೆ ಅಂಗಡಿ ಶಟರ್ ಎಳೆದು ಊರಿಗೆ ಹೋಗುವುದೇ. ಖಲಾಸ್.”

ಐಶಮ್ಮನ ಖಲಾಸ್ ಬರೀ ಬಾಯಿಮಾತಿನದ್ದಲ್ಲ. ಮಗಳು ರಾಫಿಯಾ ಹತ್ತನೆ ಕ್ಲಾಸಿನಲ್ಲಿರುವಾಗ, ಇನ್ನೊಮ್ಮೆ ಟಿವಿ ಹಾಕಿದರೆ ಟಿವಿಯೇ ಇರುವುದಿಲ್ಲ ಎಂದಿದ್ದರು. ಮರುದಿನ ಟಿವಿ ಕೆಳಗಿನ ಮನೆಯ ಪಠಾಣನ ಹೆಗಲೇರಿ ಹೋಯಿತು. ಹಾಗಾಗಿ ಮೊಯ್ದಿನಾಕನಿಗೆ ನಿಜಕ್ಕೂ ಹೆದರಿಕೆಯಾಯಿತು. ಊರಿನಲ್ಲಿ ಮನೆ ಇದೆ, ತಿನ್ನಲು ಉಣ್ಣಲು ತೊಂದರೆ ಇಲ್ಲ. ಆದರೆ ಬೆಳಿಗ್ಗೆ ಎದ್ದು ಮಾಡುವುದೇನು? ‘ಮೊಯ್ದಿನಾಕ, ಒಂದು ಕರಕ್’ ಎಂದು ಕರೆಯುವವರು ಯಾರು? ಒಲೆಯ ಮುಂದೆ ನಿಲ್ಲದ ತಮ್ಮನ್ನು ಅವರಿಗೆ ಕಲ್ಪಿಸಿಕೊಳ್ಳಲೂ ಆಗಲಿಲ್ಲ. ಅಂದಿನಿಂದ ರುಚಿ ನೋಡುವುದನ್ನು ಬಿಟ್ಟರು. ಕೈಯಳತೆಯಲ್ಲೇ ಸಕ್ಕರೆ ಹಾಕತೊಡಗಿದರು. ಚಾ ಒಂದು ದಿನ ಪಾಯಸ, ಇನ್ನೊಂದು ದಿನ ಕಷಾಯ. ಗಿರಾಕಿಗಳು ಮುಖ ಕಿವುಚಿದರೂ ಮರ್ಯಾದೆಗೆ ಕುಡಿದು ಹೋದರು. ನಡುವೆ ಒಮ್ಮೆ ಪಕ್ಕದ ಹಲ್ವಾದಂಗಡಿಯವನು ಕರೆದು ಕೊಟ್ಟ ತುಣುಕಿನ ಅಂಟು ಅಂಗಿಯ ತೋಳಿನಲ್ಲಿ ಉಳಿದು, ಐಶಮ್ಮನ ಕೈಗೆ ಸಿಕ್ಕಿಬೀಳುವುದು ಕೂದಲೆಳೆಯಲ್ಲಿ ತಪ್ಪಿತ್ತು.

ಹೀಗಿರುವಾಗ ಒಮಾನಿನ ದಕ್ಷಿಣ ತುದಿಯ ಸಲಾಲಾದಿಂದ ರಾಫಿಯಾಳ ಫೋನು ಬಂತು. ಅವಳ ಗಂಡ ಶರ್ಫುದ್ದೀನನಿಗೆ ಅಲ್ಲಿನ ಬಂದರಿನಲ್ಲಿ ಕೆಲಸ. “ಬಾಪಾ, ಖರೀಫ್ ಶುರುವಾಗಿದೆ, ಜಿನುಗು ಮಳೆ ಉಂಟು, ಗುಡ್ಡವೆಲ್ಲ ಹಸಿರು. ಅಂಗಡಿ ನಾಲ್ಕು ದಿನ ಹುಡುಗರು ನೋಡಿಕೊಳ್ಳಲಿ, ನೀವಿಬ್ಬರೂ ಬನ್ನಿ.” ಹೋದರು. ಮಸ್ಕತ್ತಿನ ಕುದಿಯುವ ಬಿಸಿಲಿನಿಂದ ಇಳಿದವರಿಗೆ ಸಲಾಲಾ ಸ್ವರ್ಗದ ಹಾಗೆ ಕಂಡಿತು. ಆದರೆ ಸ್ವರ್ಗದಲ್ಲೂ ಐಶಮ್ಮ ಪಕ್ಕದಲ್ಲೇ ಇದ್ದರು. ರಸ್ತೆ ಬದಿಯಲ್ಲಿ ಸಾಲಾಗಿ ಕಟ್ಟಿದ ಬಾಳೆಗೊನೆ, ಎಳನೀರು, ಪಪ್ಪಾಯಿ. ಎಲ್ಲವನ್ನೂ ಮೊಯ್ದಿನಾಕ ಕಣ್ಣಿನಿಂದಲೇ ತಿಂದರು.

ಮೂರನೆಯ ದಿನ ಮೊಮ್ಮಗಳು ಲೈಲಾ ಹಟ ಹಿಡಿದಳು. ತೆಂಗಿನ ತೋಟಗಳ ನಡುವೆ ಯಾರೋ ಶ್ರೀಮಂತ ಒಮಾನಿಯೊಬ್ಬ ಹೊಸದಾಗಿ ಪಕ್ಷಿಧಾಮ ಮಾಡಿದ್ದಾನೆ, ಅಲ್ಲಿ ಗಾಜಿನ ಮನೆಯಲ್ಲಿ ಹಮ್ಮಿಂಗ್ ಬರ್ಡ್‌ಗಳಿವೆ, ಕೈಯಲ್ಲಿ ಹಿಡಿದ ಹೂವಿಗೇ ಬಂದು ಕುಡಿಯುತ್ತವೆ, ಕ್ಲಾಸಿನವರೆಲ್ಲ ಹೋಗಿ ಬಂದಿದ್ದಾರೆ, ತಾನೊಬ್ಬಳೇ ಬಾಕಿ. ಮಕ್ಕಳ ಲೋಕದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ಶರ್ಫುದ್ದೀನ್ ಡ್ಯೂಟಿಗೆ ಹೋಗಿದ್ದರಿಂದ ಉಳಿದ ನಾಲ್ವರು ರಾಫಿಯಾಳ ಕಾರಿನಲ್ಲಿ ಹೊರಟರು.

ಗಾಜಿನ ಮನೆಯ ಒಳಗೆ ಕಾಲಿಟ್ಟ ಕೂಡಲೇ ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಕಾರಿನ ಏಸಿಯಲ್ಲಿ ತಣ್ಣಗಾಗಿದ್ದ ಐಶಮ್ಮನ ಕನ್ನಡಕ ಒಂದೇ ಕ್ಷಣದಲ್ಲಿ ಬೆಳ್ಳಗೆ ಮುಸುಕಿತು. ಅವರು ಅದನ್ನು ಒರೆಸುವುದು, ಹಾಕುವುದು, ಅದು ಮತ್ತೆ ಮುಸುಕುವುದು. ಕೊನೆಗೆ, “ನನಗೆಂತದೂ ಕಾಣುವುದಿಲ್ಲ, ನೀವು ನೋಡಿಕೊಂಡು ಬನ್ನಿ” ಎಂದು ಬಾಗಿಲ ಬಳಿಯ ಬೆಂಚಿನಲ್ಲಿ ಕುಳಿತುಬಿಟ್ಟರು. ಮೊಯ್ದಿನಾಕನಿಗೆ ತಿಂಗಳುಗಳಿಂದ ಹೆಗಲ ಮೇಲಿದ್ದ ಅಕ್ಕಿಮೂಟೆ ಇಳಿಸಿದ ಹಾಗಾಯಿತು. ಆಗಿನ್ನೂ ಅವರ ಮನಸ್ಸಿನಲ್ಲಿ ಕೆಟ್ಟ ಯೋಚನೆ ಇರಲಿಲ್ಲ ಎಂಬುದನ್ನು ನಂಬಬೇಕು.

ಹಕ್ಕಿಗಳನ್ನು ನೋಡಿಕೊಳ್ಳುವ ಹಕೀಂ ಎಂಬ ಒಮಾನಿ ಹುಡುಗ ಎಲ್ಲರ ಕೈಗೂ ಕೆಂಪು ಪ್ಲಾಸ್ಟಿಕ್ ಹೂ ಕೊಟ್ಟ. ಹೂವಿನ ನಡುವೆ ಬೆರಳುದ್ದದ ಕೊಳವೆ, ಅದರಲ್ಲಿ ಸಕ್ಕರೆ ನೀರು. ಕೈ ಅಲುಗಿಸಬೇಡಿ, ಮಾತಾಡಬೇಡಿ ಎಂದು ಹಿಂದಿಯಲ್ಲಿ ಹೇಳಿದ. ಲೈಲಾ ಹೂ ಚಾಚಿದಳೋ ಇಲ್ಲವೋ, ಹಸಿರು ಮಿಂಚೊಂದು ಬಂದು ಗಾಳಿಯಲ್ಲಿ ನಿಂತಿತು. ರೆಕ್ಕೆ ಕಾಣುವುದಿಲ್ಲ, ಬರೀ ಗುಂಯ್ ಎಂಬ ಸದ್ದು. ಮೊಯ್ದಿನಾಕ ಬಾಯಿ ಬಿಟ್ಟು ನೋಡಿದರು. ಊರಿನ ಬಾಳೆಹೂವಿಗೆ ಬರುವ ಸೂರಕ್ಕಿಯ ಹಾಗೇ ಇದೆ, ಆದರೆ ಸೂರಕ್ಕಿಗೂ ಕೂರಲು ಒಂದು ಕಡ್ಡಿ ಬೇಕು, ಇದಕ್ಕೆ ಅದೂ ಬೇಡ.

“ಇದು ದಿನವಿಡೀ ಸಕ್ಕರೆ ನೀರೇ ಕುಡಿಯುವುದಾ?” ಎಂದು ಪಿಸುಮಾತಿನಲ್ಲಿ ಕೇಳಿದರು.

“ದಿನವಿಡೀ, ಚಾಚಾ. ಜೊತೆಗೆ ಒಂದಿಷ್ಟು ಸಣ್ಣ ನೊಣ. ಸ್ವಲ್ಪ ಹೊತ್ತು ಕುಡಿಯದಿದ್ದರೆ ಬದುಕುವುದೇ ಕಷ್ಟ.”

“ಶುಗರ್ ಬರುವುದಿಲ್ಲವಾ?”

ಹಕೀಂ ನಕ್ಕ. “ಅದು ಕೂತಲ್ಲಿ ಕೂರುವುದಿಲ್ಲವಲ್ಲ. ಕುಡಿದದ್ದೆಲ್ಲ ರೆಕ್ಕೆಗೇ ಖರ್ಚು.”

ಮೊಯ್ದಿನಾಕನಿಗೆ ಈ ಉತ್ತರ ಹಿಡಿಸಲಿಲ್ಲ. ತಾನು ಮಾತ್ರ ಕೂತು ತಿಂದವನಾ? ಮೂವತ್ತು ವರ್ಷ ಒಲೆಯ ಮುಂದೆ ನಿಂತ ಕಾಲು ಇದು. ಹೆಬ್ಬೆಟ್ಟಿನಷ್ಟು ದೊಡ್ಡ ಹಕ್ಕಿಗೆ ಸಿಕ್ಕಿದ ನ್ಯಾಯ ತನಗೆ ಯಾಕಿಲ್ಲ? ಹೊಟ್ಟೆಕಿಚ್ಚಿನಲ್ಲೇ ಹೂವನ್ನು ಮುಂದೆ ಚಾಚಿ ನಿಂತರು.

ಹಕ್ಕಿ ಬರಲಿಲ್ಲ. ಲೈಲಾಳ ಹೂವಿಗೆ ಎರಡು ಬಂದವು, ರಾಫಿಯಾಳದಕ್ಕೆ ಒಂದು. ಕ್ಯಾಮೆರಾ ನೇತುಹಾಕಿಕೊಂಡ ಯಾರೋ ಬಿಳಿಯ ಟೂರಿಸ್ಟಿನ ಹೂವಿನ ಮುಂದೆ ಕ್ಯೂ. ಮೊಯ್ದಿನಾಕನ ಹೂವಿನ ತನಕ ಬಂದ ಒಂದು ಹಕ್ಕಿ ಒಂದು ಗಳಿಗೆ ನಿಂತು, ಕೊಕ್ಕು ತಿರುಗಿಸಿ ಹೋಯಿತು. ಅವರಿಗೆ ಅವಮಾನವಾಯಿತು. ಮತ್ರಾದಲ್ಲಿ ತನ್ನ ಕೈಯ ಗ್ಲಾಸಿಗೆ ಕಾದು ನಿಲ್ಲುವವರೆಷ್ಟು! ತಾನು ಹಿಡಿದ ಕೊಳವೆಯನ್ನು ಒಂದು ಹಕ್ಕಿಮರಿ ಬೇಡ ಎಂದಿತಲ್ಲ! ಚಾದ ವ್ಯಾಪಾರದಲ್ಲಿ ಕೂದಲು ಹಣ್ಣಾದವರಿಗೆ ಇದರ ಕಾರಣ ಒಂದೇ ಗೊತ್ತಿರುವುದು: ಗಿರಾಕಿ ತಿರುಗಿ ಹೋದನೆಂದರೆ ಸಕ್ಕರೆ ಹದ ತಪ್ಪಿದೆ.

ಎಡಗೈ ತಾನಾಗಿಯೇ ಬಂತು. ಕೊಳವೆ ಬಾಗಿತು. ನಾಲ್ಕು ಹನಿ ಅಂಗೈಗೆ ಬಿತ್ತು. ನಾಲಗೆಯೂ ಯಾರನ್ನೂ ಕೇಳಲಿಲ್ಲ.

ಅಲ್ಲಾಹ್! ತಿಂಗಳುಗಟ್ಟಲೆ ಮೆಂತೆ ನೀರನ್ನೂ ಹಾಗಲಕಾಯಿ ರಸವನ್ನೂ ಕುಡಿದು ಒಣಗಿದ ನಾಲಗೆ ಅದು. ಮೊಯ್ದಿನಾಕನ ಕಣ್ಣು ಮುಚ್ಚಿತು. ‘ನೀರಾಯಿತು, ಇನ್ನೊಂದು ಹಿಡಿ ಬೇಕು’ ಎಂದು ಮನಸ್ಸಿನಲ್ಲಿ ತೀರ್ಪು ಕೊಟ್ಟರು. ತೀರ್ಪು ಸರಿಯೋ ತಪ್ಪೋ ಎಂದು ಇನ್ನೊಮ್ಮೆ ನೋಡಿದರು. ಬಾಗಿಲ ಕಡೆ ಕಣ್ಣು ಹಾಯಿಸಿದರೆ ಐಶಮ್ಮ ತಲೆ ತಗ್ಗಿಸಿ ಶಾಲಿನ ಅಂಚಿನಿಂದ ಕನ್ನಡಕ ಉಜ್ಜುತ್ತಿದ್ದರು. ಮೂರನೆಯ ಸಲ ಅಂಗೈಯ ನೆಪವೂ ಬೇಡವಾಯಿತು. ಒಂದು ದೊಡ್ಡ ಎಲೆಯ ಮರೆಗೆ ಸರಿದು, ಕೊಳವೆಯನ್ನೇ ಬಾಯಿಗೆ ಎತ್ತಿದರು. ಅವಸರದಲ್ಲಿ ಕೊಳವೆ ವಾಲಿತು. ಅರ್ಧ ಬಾಯಿಗೆ, ಅರ್ಧ ಗಡ್ಡಕ್ಕೆ.

ಒರೆಸಿಕೊಳ್ಳಬೇಕು ಎನ್ನುವಷ್ಟರಲ್ಲಿ ಗುಂಯ್ ಎಂದಿತು.

ಹಕ್ಕಿ ಅವರ ಮೂಗಿನ ನೇರಕ್ಕೆ, ಗಾಳಿಯಲ್ಲಿ ನಿಂತಿತ್ತು. ಕತ್ತಿನಲ್ಲಿ ಒಮ್ಮೆ ಹಸಿರು, ಒಮ್ಮೆ ನೇರಳೆ. ಹಾಗೇ ಕೆಳಗಿಳಿದು ಕೊಕ್ಕನ್ನು ಗಡ್ಡದೊಳಗೆ ಹಾಕಿತು. ರೆಕ್ಕೆಯ ಗಾಳಿ ತುಟಿಗೆ ತಾಗುತ್ತಿತ್ತು, ಕೂದಲಿನ ನಡುವೆ ಏನೋ ನವಿರಾಗಿ ಕಚಗುಳಿ ಇಡುತ್ತಿತ್ತು. ಮೊಯ್ದಿನಾಕ ಉಸಿರು ಬಿಗಿ ಹಿಡಿದರು. ಶುಗರ್ ಮರೆತುಹೋಯಿತು, ಕಾಲಿನ ಗಾಯ ಮರೆತುಹೋಯಿತು. ಎಷ್ಟೋ ಕಾಲದಿಂದ ಅವರಿಗೆ ಅಷ್ಟು ಸಂತೋಷ ಆಗಿರಲಿಲ್ಲ.

“ಗ್ರ್ಯಾಂಡ್‌ಪಾ! ಡೋಂಟ್ ಮೂವ್!” ಲೈಲಾ ಕಿರುಚಿದಳು. ರಾಫಿಯಾ ಮೊಬೈಲ್ ಎತ್ತಿದಳು. ಟೂರಿಸ್ಟು ಮಂಡಿಯೂರಿ ಕ್ಯಾಮೆರಾ ಹಿಡಿದ. ಇನ್ನೊಂದು ಹಕ್ಕಿಯೂ ಬಂದು ಗಡ್ಡದ ಆಚೆ ಬದಿಗೆ ಪಾಲು ಕೇಳಿತು. ಆಗಲೇ ಮೊಯ್ದಿನಾಕ ಎರಡು ಹಕ್ಕಿಗಳ ನಡುವಿನಿಂದ ನೋಡಿದ್ದು: ಬೆಂಚಿನಲ್ಲಿ ಐಶಮ್ಮ. ಕನ್ನಡಕ ಕನ್ನಡಿಯ ಹಾಗೆ ಸ್ವಚ್ಛ.

“ಚಾಚಾನ ಮದರಂಗಿ ನೋಡಿ!” ಹಕೀಂ ಎಲ್ಲರಿಗೂ ವಿವರಿಸಿದ. “ಕೆಂಪು ಕಂಡರೆ ಇವುಗಳಿಗೆ ಹೂವೇ. ಗಡ್ಡವನ್ನು ಹೂ ಎಂದುಕೊಂಡಿವೆ.” ಎಲ್ಲರೂ ನಕ್ಕರು. ಮೊಯ್ದಿನಾಕ ಮುಳುಗುವವನು ಹಗ್ಗ ಹಿಡಿದ ಹಾಗೆ ಆ ಮಾತನ್ನು ಹಿಡಿದುಕೊಂಡು, ಹಕ್ಕಿಗಳು ಹಾರಿದ ಮೇಲೆ, “ಹೌದು ಹೌದು, ಮದರಂಗಿಯೇ. ನಿನ್ನೆಯಷ್ಟೇ ಹಚ್ಚಿದ್ದು” ಎಂದರು.

ಐಶಮ್ಮ ಎದ್ದು ಬಂದರು. ಅವಸರ ಇಲ್ಲದ ನಡಿಗೆ. ಗಂಡನ ಎದುರು ನಿಂತು, “ಇಡೀ ಮುಖ ಗಲೀಜು ಮಾಡಿ ಹಾಕಿವೆ” ಎಂದು ಬೆರಳಿನಿಂದ ಗಡ್ಡ ಒರೆಸಿದರು. ಆ ಬೆರಳನ್ನು ಶಾಲಿನ ಮರೆಯಲ್ಲಿ ನಾಲಗೆಗೆ ಮುಟ್ಟಿಸಿದ್ದು ಮೊಯ್ದಿನಾಕನಿಗೆ ಬಿಟ್ಟು ಯಾರಿಗೂ ಕಾಣಲಿಲ್ಲ.

“ಎಂತ ಉಮ್ಮಾ?” ರಾಫಿಯಾ ಕೇಳಿದಳು.

“ಎಂತದೂ ಇಲ್ಲ,” ಐಶಮ್ಮ ಹೇಳಿದರು. “ಮದರಂಗಿ.”

ಬೈದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಐಶಮ್ಮ ಬೈಯಲಿಲ್ಲ. ರಾತ್ರಿಯ ಊಟಕ್ಕೂ ಬೈಯಲಿಲ್ಲ, ವಿಮಾನದಲ್ಲೂ ಬೈಯಲಿಲ್ಲ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಒಮ್ಮೆ ಮಾತ್ರ ಅವರ ಕಣ್ಣಂಚು ಒದ್ದೆಯಾದದ್ದು ಕಂಡು ಮೊಯ್ದಿನಾಕನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನಾಲ್ಕು ಹನಿ ಸಕ್ಕರೆ ನೀರಿಗೆ, ಅದೂ ಹಕ್ಕಿಯ ಎಂಜಲಿಗೆ, ಇವಳನ್ನು ಅಳಿಸಿದೆನಲ್ಲ ಎಂದುಕೊಂಡರು. ಕ್ಷಮೆ ಕೇಳಲು ಎರಡು ಸಲ ಬಾಯಿ ತೆರೆದರು, ಎರಡು ಸಲವೂ ಗಗನಸಖಿ ಬಂದು ಜ್ಯೂಸ್ ಬೇಕಾ ಎಂದಳು.

ಮರುದಿನ ಬೆಳಿಗ್ಗೆ ಅವರು ಅಂಗಡಿಗೆ ಹೊರಟಾಗ ಐಶಮ್ಮ ಬುರ್ಖಾ ಹಾಕಿ ಬಾಗಿಲಲ್ಲಿ ನಿಂತಿದ್ದರು. “ನಡೆಯಿರಿ. ನಾನೂ ಬರುತ್ತೇನೆ.”

ಶಟರ್ ಎಳೆಯಲು ಬರುತ್ತಿದ್ದಾಳೆ ಎಂದು ಮೊಯ್ದಿನಾಕನಿಗೆ ಖಾತ್ರಿಯಾಯಿತು. ಓಣಿಯ ಉದ್ದಕ್ಕೂ ತಲೆ ಎತ್ತಲಿಲ್ಲ. ಹಲ್ವಾದವನ ಸಲಾಮಿಗೂ ಉತ್ತರ ಬಾಯಿಯೊಳಗೇ ಉಳಿಯಿತು. ಅಂಗಡಿ ಮುಟ್ಟಿದ ಮೇಲೆ ಐಶಮ್ಮ ಒಳಗೆ ಸುತ್ತಲೂ ನೋಡಿ, ಒಂದು ಸ್ಟೂಲು ಎಳೆದು ಒಲೆಯ ಪಕ್ಕದಲ್ಲೇ ಕೂತರು. ಗಂಡಸರೇ ತುಂಬಿರುತ್ತಿದ್ದ ಆ ಅಂಗಡಿಯಲ್ಲಿ ಅವರು ಕೂತದ್ದು ಅದೇ ಮೊದಲು.

“ಐಶಾ, ಗಿರಾಕಿಗಳ ಎದುರು ಬೇಡ. ನಾನೇ ಶಟರ್ ಎಳೆಯುತ್ತೇನೆ,” ಮೊಯ್ದಿನಾಕನ ದನಿ ಕುಗ್ಗಿತ್ತು.

“ಶಟರ್ ಎಳೆದರೆ ನೀವು ಸಕ್ಕರೆ ಬಿಡುತ್ತೀರಾ? ಊರಿನಲ್ಲಿ ಬೇಕರಿ ಇಲ್ಲವಾ?” ಐಶಮ್ಮ ಹೇಳಿದರು. “ಹಕ್ಕಿಯ ಬಾಯಿಯಿಂದ ಕಿತ್ತು ಕುಡಿಯುವವರನ್ನು ಎಲ್ಲಿಗೆ ಕರಕೊಂಡು ಹೋಗಿ ಎಂತ ಪ್ರಯೋಜನ? ಇನ್ನು ಚಾ ಮಾಡುವುದು ನೀವು, ರುಚಿ ನೋಡುವುದು ನಾನು. ನನಗೆ ಶುಗರ್ ಇಲ್ಲ. ಯಲ್ಲಾ, ಕೆಟಲ್ ಇಡಿ.”

ಮೊಯ್ದಿನಾಕ ಕೆಟಲು ಇಟ್ಟರು. ಹೊರಗೆ ಟ್ಯಾಕ್ಸಿಯವರು, ಗಾಡಿಯವರು ಬಂದು ನಿಂತು, ಒಳಗೆ ಹೆಂಗಸು ಕೂತದ್ದು ಕಂಡು ಅಲ್ಲೇ ಕಾದರು. ಚಾ ಕುದಿಯಿತು, ಏಲಕ್ಕಿ ಬಿತ್ತು. ಅಭ್ಯಾಸದಂತೆ ಸೌಟು ಎಡ ಅಂಗೈಯ ಕಡೆ ಹೋಯಿತು. ಐಶಮ್ಮ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿ, ಗ್ಲಾಸು ಮುಂದೆ ಮಾಡಿದರು. ಮೊಯ್ದಿನಾಕ ಸುರಿದರು. ಹೊಸ ಹುಡುಗನ ಹಾಗೆ ಕೈ ಕಟ್ಟಿ ನಿಂತರು. ಐಶಮ್ಮ ಒಂದು ಗುಟುಕು ಕುಡಿದರು, ಇನ್ನೊಂದು ಕುಡಿದರು, ಗ್ಲಾಸಿನ ತಳ ಕಾಣುವ ತನಕ ಕೆಳಗಿಡಲಿಲ್ಲ.

“ಸಕ್ಕರೆ?” ಮೊಯ್ದಿನಾಕ ಕೇಳಿದರು.

ಐಶಮ್ಮ ಖಾಲಿ ಗ್ಲಾಸನ್ನೇ ನೋಡುತ್ತಿದ್ದರು.

“ಇಷ್ಟು ವರ್ಷ ಇದನ್ನು ಮತ್ರಾದ ದಾರಿಹೋಕರಿಗೆಲ್ಲ ಕೊಟ್ಟಿರಿ,” ಎಂದರು. “ಒಂದು ದಿನವಾದರೂ ಒಂದು ಗ್ಲಾಸು ನನಗೆ ಮನೆಗೆ ತರಬೇಕು ಅಂತ ಕಾಣಲಿಲ್ಲವಾ ನಿಮಗೆ?”