ಮಹೇಶ್ವರರ ರಾಕೆಟ್ಟಿನ ಸೀನಿಯಾರಿಟಿ

ನನ್ನ ಗಂಡ ಮಹೇಶ್ವರ ಯಾವುದನ್ನೂ ಬಿಸಾಡುವ ಜನ ಅಲ್ಲ. ಕೊಚ್ಚಿಯ ಕಲೂರಿನ ನಮ್ಮ ಫ್ಲ್ಯಾಟಿನ ಅಟ್ಟದಲ್ಲಿ ಹಾರ್ಲಿಕ್ಸ್ ಬಾಟ್ಲಿಗಳು ಉಂಟು, ಕೆಟ್ಟ ಮಿಕ್ಸಿ ಉಂಟು, ಮದುವೆಗೆ ಉಡುಗೊರೆ ಬಂದ ಗಡಿಯಾರದ ರಟ್ಟಿನ ಡಬ್ಬಿ ಉಂಟು. ಗಡಿಯಾರ ಇಲ್ಲ. ಇಂಥವರು ಸೀನಿಯಾರಿಟಿ ಬಿಡ್ತಾರಾ?

ನಾವು ಕಾಸರಗೋಡಿನವರು. ನಾನು ಕೊಚ್ಚಿಯ ಹೈಕೋರ್ಟಿನಲ್ಲಿ ವಕೀಲೆ. ಇವರು ತಿರುವನಂತಪುರದ ಒಂದು ಸರಕಾರಿ ಆಫೀಸಿನಲ್ಲಿ ಗುಮಾಸ್ತರು. ಶನಿವಾರ ಕೆಲಸ ಮುಗಿಸಿ ಬಸ್ಸು ಹತ್ತಿ ಮನೆ ಮುಟ್ಟುವಾಗ ಮಗಳು ದೀಪ್ತಿಗೆ ನಿದ್ದೆ. ಆದಿತ್ಯವಾರ ಸಂಜೆ ವೈಟ್ಟಿಲ ಜಂಕ್ಷನಿನಿಂದ ಬಸ್ಸು ಹಿಡಿದು ವಾಪಸು. ಹೊರಡುವ ಹೊತ್ತಿಗೆ ದೀಪ್ತಿ ಇವರ ನೀಲಿ ಚೀಲ ತಂದು ಬಾಗಿಲ ಹತ್ತಿರ ಇಡ್ತಾಳೆ. ನಡೆಯಲು ಕಲಿತಂದಿನಿಂದ ಅದು ಅವಳ ಕೆಲಸ. ಅಪ್ಪ ಅಂದರೆ ಅವಳಿಗೆ ವಾರಕ್ಕೊಮ್ಮೆ ಬರುವ ನೆಂಟ.

ಕೊಚ್ಚಿಗೆ ವರ್ಗ ಕೇಳಬಹುದಿತ್ತು. ಆದರೆ ನಾವಾಗಿಯೇ ಕೇಳಿ ಜಿಲ್ಲೆ ಬದಲಿಸಿದರೆ ಅಷ್ಟೂ ವರ್ಷದ ಸೀನಿಯಾರಿಟಿ ಹೋಗ್ತದೆ. ಹೊಸ ಜಾಗದಲ್ಲಿ ಎಲ್ಲರ ಹಿಂದೆ ನಿಲ್ಲಬೇಕು. ಕೊಚ್ಚಿಯ ಆಫೀಸಿನಲ್ಲಿ ಹೆಡ್‌ಕ್ಲಾರ್ಕ್ ಯಾರು ಗೊತ್ತುಂಟಾ? ಮೇರಿ. ಇವರೇ ಫೈಲು ಕಟ್ಟಲಿಕ್ಕೆ ಕಲಿಸಿದ ಮೇರಿ!

“ನಾನು ಮೇರಿಗೆ ಗುಡ್ ಮಾರ್ನಿಂಗ್ ಹೇಳುದಾ ಹರಿಣಾಕ್ಷಿ?” ಅಂತಾರೆ. ಹೇಳಿದರೆ ನಾಲಿಗೆ ಸವೆಯುತ್ತದಾ ಮಾರಾಯ್ರೆ? ದಿನಾ ಕೋರ್ಟಿನಲ್ಲಿ ವಾದ ಮಾಡುವ ನಾನು ಈ ಕೇಸನ್ನು ಮಾತ್ರ ಒಮ್ಮೆಯೂ ಗೆದ್ದವಳಲ್ಲ.

ಎರಡು ಸಾವಿರದ ಆರರಲ್ಲಿ ಕೊಚ್ಚಿಯಲ್ಲಿ ಒಂದು ಜಾಗ ಖಾಲಿ ಆಯ್ತು. ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು. ಕೊನೆಯ ವಾರ ಬಂದರೂ ಇವರು ಹಾಕಿರಲಿಲ್ಲ. ನಾನು ಮಾತು ಬಿಟ್ಟೆ.

ಹಾಗೆ ಆ ಆದಿತ್ಯವಾರ ಮಾತಾಡಲು ಬೇರೆ ಜನ ಇಲ್ಲದೆ ಇವರು ಕಂಪ್ಯೂಟರಿನ ಎದುರು ದೀಪ್ತಿಯ ಪಕ್ಕ ಕೂತರು. ಯಾವುದೋ ಮ್ಯಾಗಜಿನ್ ಜೊತೆ ಸಿಡಿಯಲ್ಲಿ ಬಂದ ಆಟ. ಬೇಕಾದ ಇಂಜಿನುಗಳನ್ನು ಆರಿಸಿ, ಜೋಡಿಸಿ, ರಾಕೆಟ್ಟನ್ನು ಭೂಮಿಯ ಸುತ್ತ ತಿರುಗಿಸಬೇಕು.

ಇವರು ಮೊದಲು ಪ್ರತಿ ಜಾತಿಯಿಂದ ಒಂದೊಂದು ಇಂಜಿನು ತೆಗೆದುಕೊಂಡರು, ಯಾರಿಗೂ ಬೇಸರ ಆಗಬಾರದು ಅಂತ. ಒಂದು ಬದಿಗೆ ಬಲ ಜಾಸ್ತಿಯಾಗಿ ರಾಕೆಟ್ ಮಗುಚಿ ಸಮುದ್ರಕ್ಕೆ ಬಿತ್ತು. ಎರಡನೆಯ ಸಲ ದೊಡ್ಡ ಇಂಜಿನನ್ನು ಮೇಲೆ ಕೂರಿಸಿ ಸಣ್ಣದನ್ನು ಅಡಿಗೆ ಕೊಟ್ಟರು. ಅದು ಹೊಗೆ ಬಿಟ್ಟುಕೊಂಡು ನಿಂತಲ್ಲೇ ನಿಂತಿತು.

“ಅಚ್ಚಾ, ದೊಡ್ಡದು ಅಡಿಗೆ,” ಅಂದಳು ದೀಪ್ತಿ. ಅವಳಿಗೆ ನಮ್ಮ ಕನ್ನಡ ಅರ್ಥ ಆಗ್ತದೆ, ಉತ್ತರ ಎಲ್ಲ ಮಲಯಾಳದಲ್ಲಿ, ಅಪ್ಪನನ್ನು ಕರೆಯುದೂ ಅಚ್ಚ ಅಂತಲೇ. “ನೆಲದಿಂದ ಎತ್ತಲಿಕ್ಕೆ ಬಲ ಬೇಕು. ಸಣ್ಣದಕ್ಕೆ ಬಲ ಇಲ್ಲ, ಆದರೆ ಎಣ್ಣೆ ಕಡಿಮೆ ಕುಡೀತದೆ. ಮೇಲೆ ಹೋದ ಮೇಲೆ ಅದೇ ಒಳ್ಳೇದು.”

“ದೊಡ್ಡವರನ್ನು ಅಡಿಗೆ ಹಾಕುದಾ?” ಅಂದರು. ಅಂದುಕೊಂಡೇ ಹಾಕಿದರು.

ಈ ಸಲ ರಾಕೆಟ್ ಎದ್ದಿತು. ನಾನೂ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಬಂದೆ. ಅಷ್ಟರಲ್ಲಿ ಅಡಿಯ ಭಾಗದ ಎಣ್ಣೆ ಮುಗಿಯಿತು.

“ಅದನ್ನು ಬೀಳಿಸಿ. ಅದು ಬೀಳದೆ ಮೇಲಿನ ಇಂಜಿನು ಉರಿಯುದಿಲ್ಲ,” ಅಂದಳು ದೀಪ್ತಿ.

“ಛೆ, ಇಷ್ಟು ದೂರ ಎತ್ತಿ ತಂದದ್ದೇ ಅದು. ಸ್ವಲ್ಪ ಇರಲಿ.”

ಸ್ವಲ್ಪ ಇರುವಷ್ಟರಲ್ಲಿ ರಾಕೆಟ್ ತಲೆಕೆಳಗಾಗಿ ಸಮುದ್ರಕ್ಕೆ ಹೋಯ್ತು. ಮತ್ತೊಂದು ಹಾರಿಸಿದರು. ಅದೂ ಅಲ್ಲಿಗೇ. ಮತ್ತೊಂದು ಹಾರಿಸಿದರು. ದೀಪ್ತಿ ನಡುವೆ ಎದ್ದು ಹೋಗಿ ನೀಲಿ ಚೀಲ ತಂದು ಬಾಗಿಲ ಹತ್ತಿರ ಇಟ್ಟು ಬಂದಳು.

“ಬೇಗ ಬಿಡಿ ಅಚ್ಚಾ. ಅದು ಖಾಲಿ. ನಿಮಗೆ ಬಸ್ಸಿಗೆ ಹೊತ್ತಾಯ್ತು.”

ಸಿಟ್ಟಿಲ್ಲ, ಬೇಸರ ಇಲ್ಲ, ಗಂಟೆ ಎಷ್ಟಾಯ್ತು ಅಂತ ಹೇಳಿದ ಹಾಗೆ ಹೇಳಿದಳು. ಇವರು ಚೀಲ ನೋಡಿದರು, ಅವಳನ್ನು ನೋಡಿದರು, ಗುಂಡಿ ಒತ್ತಿದರು. ದೊಡ್ಡದು ಕಳಚಿ ಬಿತ್ತು. ಸಣ್ಣ ಇಂಜಿನು ಹೊತ್ತಿಕೊಂಡು ತನ್ನಷ್ಟಕ್ಕೆ ಭೂಮಿಯ ಸುತ್ತ ಹೊರಟಿತು. ಇವರು ಚೀಲ ಹಿಡಿದು ವೈಟ್ಟಿಲಕ್ಕೆ ಹೊರಟರು.

ಸೋಮವಾರ ಫೋನು. “ಅರ್ಜಿ ಹಾಕಿದೆ.”

ಇಷ್ಟು ವರ್ಷ ನಾನು ಬಾಯಿ ಬಡಿದುಕೊಂಡದ್ದೆಲ್ಲ ನೀರಿನಲ್ಲಿ ಹೋಮ, ಒಂದು ಪುಕ್ಕಟೆ ಸಿಡಿ ಕೇಸು ಗೆದ್ದಿತು! ಕೋಪ ಬಂತು ನನಗೆ. ಫೋನು ಇಟ್ಟ ಮೇಲೆ ಅಳುವೂ ಬಂತು.

ವರ್ಗ ಆಯ್ತು. ಈಗ ಕೊಚ್ಚಿಯ ಆಫೀಸಿನಲ್ಲಿ ಇವರ ಕುರ್ಚಿ ಕುಡಿಯುವ ನೀರಿನ ಫಿಲ್ಟರಿನ ಪಕ್ಕ, ಎಲ್ಲರಿಗಿಂತ ಹಿಂದೆ. ಮೊದಲ ದಿನ ಇವರು ಗುಡ್ ಮಾರ್ನಿಂಗ್ ಹೇಳಿದಾಗ ಮೇರಿ ಎದ್ದು ನಿಂತರಂತೆ. “ಕೂತ್ಕೊಳ್ಳಿ ಮೇಡಂ” ಅಂತ ಇವರೇ ಹೇಳಿದರಂತೆ. ಆ ದಿನ ರಾತ್ರಿ ಇವರಿಗೆ ಊಟ ಸರಿಯಾಗಿ ಸೇರಲಿಲ್ಲ. ಮರುದಿನ ಸೇರಿತು.

ಆ ವಾರದ ಆದಿತ್ಯವಾರ ಸಂಜೆ ದೀಪ್ತಿ ರೂಢಿಯಂತೆ ನೀಲಿ ಚೀಲ ಎತ್ತಿಕೊಂಡು ಬಾಗಿಲಿಗೆ ಬಂದಳು. ಅಲ್ಲಿಯೇ ನಿಂತಳು.

“ಅಚ್ಚಾ, ಇದರಲ್ಲಿ ಏನೂ ಇಲ್ಲ.”

“ಇಲ್ಲ ಮಗಾ. ಬಿಸಾಡು.”

ಆ ಮಾತು ಇವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಆದರೆ ದೀಪ್ತಿ ಬಿಸಾಡಲಿಲ್ಲ. ಕಣ್ಣಿಗೆ ಬಿದ್ದರೆ ಮತ್ತೆ ಹೊರಟಾರು ಅಂತ ಇರಬೇಕು, ತನ್ನ ಮಂಚದ ಅಡಿಗೆ ಗೋಡೆಯವರೆಗೂ ತಳ್ಳಿ, ಅದರ ಎದುರು ಶಾಲೆಯ ಶೂ ಇಟ್ಟಳು.