ಗುಲಾಬಿ ಬಣ್ಣದ ನೀರು

ಆ ಹೆಂಗಸನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಈಗ ಮುಚ್ಚಿಟ್ಟು ಏನೂ ಆಗಬೇಕಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಕಾಸರಗೋಡಿನವಳಾದ ನಾನು ತಿರುವನಂತಪುರದಲ್ಲಿ ಆರೋಗ್ಯ ಇಲಾಖೆಯ ನರ್ಸ್. ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡ ಮೀನುಗಾರರು ವಿಳಿಂಜಂ ಹತ್ತಿರದ ಒಂದು ಶಾಲೆಯಲ್ಲಿ ಬೀಡುಬಿಟ್ಟಿದ್ದರು. ಮಕ್ಕಳಿಗೆ ಮೇಲಿಂದ ಮೇಲೆ ಭೇದಿ. ನೀರು ಕುದಿಸಿ ಕುಡಿಯಿರಿ ಎಂದು ಮೂರು ವಾರ ಗಂಟಲು ಹರಿದುಕೊಂಡೆ. ಎಲ್ಲರೂ ತಲೆಯಾಡಿಸಿದರು, ಯಾರೂ ಕುದಿಸಲಿಲ್ಲ.

ಅದೇ ಶಿಬಿರದಲ್ಲಿದ್ದ ಮೀನು ಮಾರುವ ಹೆಂಗಸು ಅವಳು, ತರಬೇತಿ ಗಿರಬೇತಿ ಏನೂ ಇಲ್ಲದವಳು. ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು, ನೀರು ಕುದಿದ ಮೇಲೆ ಪದಿಮುಗಂ ಚಕ್ಕೆ ಹಾಕಿದಳು. ಕೇರಳದ ಮನೆಗಳಲ್ಲಿ ಕುಡಿಯುವ ನೀರಿಗೆ ಹಾಕುವ ಮರದ ಚೂರು ಅದು. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. “ಮಕ್ಕಳ ಲೋಟದಲ್ಲಿ ಬಿಳಿ ನೀರು ಕಂಡ್ರೆ ಚೆಲ್ಲಿ,” ಎಂದಳು. ಭೇದಿ ಇಳಿಯಿತು. ಹೆಂಗಸರೆಲ್ಲ ನನ್ನನ್ನು ಬಿಟ್ಟು “ಚೇಚಿ, ಚೇಚಿ” ಎಂದು ಅಕ್ಕನನ್ನು ಕರೆಯುವ ಹಾಗೆ ಕರೆಯುತ್ತ ಅವಳ ಹಿಂದೆ ತಿರುಗತೊಡಗಿದರು.

“ಅವಳು ಗೆದ್ರೆ ನಿನಗೆ ಎಂತ ಹೋಗ್ತದೆ ಮಾರಾಯ್ತಿ?” ಎಂದರು ನನ್ನ ಗಂಡ. ಅವರಿಗೇನು ಗೊತ್ತು!

ಕೊಚ್ಚಿಯಲ್ಲಿ ನಡೆದ ಇಲಾಖೆಯ ಸಭೆಯಲ್ಲಿ ಆ ಉಪಾಯ ನನ್ನದೇ ಎಂದುಬಿಟ್ಟೆ. ಚಪ್ಪಾಳೆ ಬಿತ್ತು. ಅಲ್ಲಿನ ಕಡಲ ದಂಡೆಯ ಇಂಥದೇ ಇನ್ನೊಂದು ಶಿಬಿರದಲ್ಲಿ ಅದನ್ನು ನಡೆಸುವ ಹೊಣೆಯೂ ನನಗೇ ಬಂತು. ಮನೆಗೊಂದು ಚಕ್ಕೆಯ ಪೊಟ್ಟಣ ಹಂಚಿಸಿದೆ. ವಿಳಿಂಜಂನಲ್ಲಿ ಅವಳು ಚಕ್ಕೆಯನ್ನು ಯಾರ ಕೈಗೂ ಕೊಡದೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು, ಅದು ಜಂಬವೆಂದುಕೊಂಡಿದ್ದೆ. ಕೊಚ್ಚಿಯವರು ಸೌದೆ ಉಳಿಯಲೆಂದು ಚಕ್ಕೆಯನ್ನು ತಣ್ಣೀರಿಗೇ ಹಾಕಿ ನೆನೆಯಲು ಬಿಟ್ಟರು. ಬಣ್ಣವೇನೋ ಬಂತು, ನೀರು ಮಾತ್ರ ಕುದಿಯಲೇ ಇಲ್ಲ. ಏಳೆಂಟು ಮಕ್ಕಳು ಆಸ್ಪತ್ರೆ ಸೇರಿದರು.

ಬೇರೆ ದಾರಿಯಿಲ್ಲದೆ ಅವಳನ್ನು ಕೊಚ್ಚಿಗೆ ಕರೆದುಕೊಂಡು ಹೊರಟೆ. ರೈಲಿನಲ್ಲಿ ಎಲ್ಲವನ್ನೂ ಹೇಳಿದೆ. “ನನ್ನತ್ರ ಒಂದು ಮಾತು ಕೇಳ್ಬಹುದಿತ್ತಲ್ಲ ಸಿಸ್ಟರೇ,” ಎಂದಳು, ಅಷ್ಟೇ.

ಶಿಬಿರದಲ್ಲಿ ತಾಯಂದಿರು ನಮ್ಮನ್ನು ಮುತ್ತಿಕೊಂಡರು. “ಈ ಬಣ್ಣದ ನೀರು ಯಾರ ಬುದ್ಧಿ?” ಎಂದು ಒಬ್ಬಳು ಕೂಗಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಅವಳು ಮುಂದೆ ಬಂದಳು. “ನನ್ನದು. ಬೈಯುವುದಿದ್ರೆ ನನಗೆ ಬೈಯಿರಿ. ಮೊದ್ಲು ಒಲೆ ಹೊತ್ತಿಸಿ.”

ಮಕ್ಕಳು ಆಮೇಲೆ ಗುಣವಾದರು. ಆದರೆ ಅವತ್ತು ಆ ಮಾತು ಹೇಳಬೇಕಾದವಳು ನಾನು. ಹೇಳಲಿಲ್ಲ. ಅವಳ ಬೆನ್ನ ಹಿಂದೆ ನಿಂತು, ಇಷ್ಟು ಸಲೀಸಾಗಿ ಇವಳ ಬಾಯಿಗೆ ಅದು ಹೇಗೆ ಬಂತು ಎಂದು ಆಗಲೂ ಹೊಟ್ಟೆ ಉರಿದುಕೊಂಡೆ.