ತಣ್ಣಗಾದ ಅಂಗೈ

ಕಲಬುರಗಿಯ ಪ್ರಯೋಗಾಲಯದಲ್ಲಿ ನನ್ನದು ಅಂಥ ಘನಂದಾರಿ ಕೆಲಸವೇನಲ್ಲ. ಒಪ್ಪಿ ಬಂದ ಆರೋಗ್ಯವಂತರ ರಕ್ತವನ್ನು ನಳಿಕೆಗಳಿಗೆ ಹಂಚಿ, ಕೆಲವಕ್ಕೆ ಬ್ಯಾಕ್ಟೀರಿಯಾದ ವಿಷವನ್ನು ಕಣ್ಣಿಗೆ ಕಾಣದಷ್ಟು ಬೆರೆಸಿ, ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಡುತ್ತೇನೆ. ಸಂಜೆಯೊಳಗೆ ಬಿಳಿ ರಕ್ತಕಣಗಳು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಹೊರಬಿಟ್ಟಿರುತ್ತವೆ. ವೈರಿ ಬಂದ, ಏಳಿ ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುವುದು ಅವೇ. ಜ್ವರ ಬರುವುದೂ ಅವುಗಳಿಂದಲೇ. ಅಳತೆಯಲ್ಲಿದ್ದರೆ ಕಾಯುತ್ತವೆ. ಮೀರಿದರೆ ರಕ್ತನಾಳಗಳು ಸಡಿಲಾಗಿ ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ. ಈ ಕೊನೆಯ ಮಾತನ್ನು ಕಾಲೇಜಿನಲ್ಲಿ ಓದಿದ ದಿನ ಪುಸ್ತಕ ಮುಚ್ಚಿಟ್ಟುಬಿಟ್ಟಿದ್ದೆ. ಒಂಬತ್ತನೆಯ ವಯಸ್ಸಿಗೇ ನಾನದನ್ನು ಮುಟ್ಟಿ ನೋಡಿದ್ದೆ.

ಆಗ ನಾವು ಮಾದನಹಿಪ್ಪರಗಾದಲ್ಲಿದ್ದೆವು. ಜೋಳ ಕೊಯ್ದ ಹೊಲದಲ್ಲಿ ಅವ್ವನ ಪಾದಕ್ಕೆ ಕೂಳೆ ಚುಚ್ಚಿತ್ತು. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮತ್ತೆ ಕೆಲಸಕ್ಕಿಳಿದಳು. ಎರಡು ದಿನಕ್ಕೆ ಮೈ ಸುಡತೊಡಗಿತು. ಅಪ್ಪನ ಅಕ್ಕ, ನಮ್ಮ ಅತ್ತಿ, ಘತ್ತರಗಿಯ ಭಾಗ್ಯವಂತಿಗೆ ಹರಕೆ ಹೊತ್ತಳು. ಜ್ವರ ಬಿಟ್ಟ ದಿನವೇ ಮೈತೊಳೆದು, ಹೋಳಿಗೆ ಕಟ್ಟಿಕೊಂಡು ಹೊರಡಬೇಕು, ಒಂದು ದಿನ ತಡವಾದರೂ ದೇವಿ ಮುನಿಯುತ್ತಾಳೆ ಎಂಬುದು ನಮ್ಮ ಮನೆಯ ಕಟ್ಟಳೆ. ಆ ಪ್ರಯಾಣವೆಂದರೆ ನನಗೆ ಜೀವ! ಅಫಜಲಪುರದಲ್ಲಿ ಬಸ್ಸು ಬದಲಿಸುವಾಗ ಬಿಸಿ ಮಿರ್ಚಿ ಭಜಿ, ಆಮೇಲೆ ಭೀಮೆಯ ನೀರಲ್ಲಿ ಕಾಲಾಡಿಸುತ್ತ ಕೂರುವುದು. ಅಂಥ ಸುಖ ಮತ್ತೆ ಸಿಕ್ಕಿಲ್ಲ.

ಜ್ವರ ಬಂದ ಮೂರನೆಯ ಬೆಳಿಗ್ಗೆ ಅತ್ತಿ ಅವ್ವನ ಹಣೆ ಮುಟ್ಟಿ, "ಜ್ವರ ಬಿಟ್ಟದ ನೋಡ್ರಿ!" ಎಂದು ಕೂಗಿದಳು. ಅಪ್ಪ ಹಂಡೆಯ ಕೆಳಗೆ ಬೆಂಕಿ ಹಚ್ಚಿದ. ಬೇಳೆ ಒಲೆ ಏರಿತು. ನಾನು ಹೊಸ ಹಸಿರು ಲಂಗ ತೊಟ್ಟು ಅವ್ವನಿಗೆ ನೀರು ಒಯ್ದೆ. ತಂಬಿಗೆ ಹಿಡಿಯಲು ಅವಳಿಂದಾಗಲಿಲ್ಲ. ಅಂಗೈ ಕೊಡದ ತಳದಷ್ಟು ತಣ್ಣಗಿತ್ತು, ಏದುಸಿರು ಬಿಡುತ್ತಿದ್ದಳು. ನಾನೇ ಕುಡಿಸಿ ಹೊರಬಂದು, "ಅವ್ವ ತಾನೇ ಎದ್ದು ಕುಡದಾಳ" ಎಂದುಬಿಟ್ಟೆ. ಘತ್ತರಗಿಗೆ ಹೋಗುವುದು ತಪ್ಪಬಾರದಿತ್ತು, ಅಷ್ಟೇ.

"ಆರಾಮದೀ ಏನಬೇ?" ಅತ್ತಿ ಬಾಗಿಲಿಂದ ಕೇಳಿದಳು.

"ಹೂಂ, ಆರಾಮದೀನಿ" ಎಂದಳು ಅವ್ವ.

ಅಷ್ಟರಲ್ಲಿ ಪಕ್ಕದ ಮನೆಯ ಚಾಚಿ, ಬಟ್ಟೆ ಹೊಲಿಯುವವಳು, ಅವ್ವನ ಕುಪ್ಪಸ ಕೊಡಲು ಬಂದಳು. ಒಳಗೆ ಹೋಗಿ ಅವ್ವನ ಕಾಲು ಮುಟ್ಟಿದವಳೇ ಚೀರಿದಳು.

"ಯಾ ಅಲ್ಲಾ! ಜ್ವರ ಬಿಟ್ಟವ್ರು ಹಿಂಗ ತೇಕ್ತಾರೇನ್ರಿ? ಉಗುರು ನೋಡ್ರಿ, ನೀಲಿ ಆಗ್ಯಾವ. ಜಳಕ ಗಿಳಕ ಬಿಡ್ರಿ, ದವಾಖಾನಿಗಿ ನಡೀರಿ!"

ದಾರಿಗೆ ಅಡ್ಡ ನಿಂತು ಟಂಟಂ ಆಟೊ ತಡೆದವಳೂ ಅವಳೇ. ಆಳಂದದಲ್ಲಿ ಸಲೈನ್ ಏರಿಸುತ್ತ ಡಾಕ್ಟರು, "ಇನ್ನೊಂದು ತಾಸು ಮನ್ಯಾಗ ಇಟ್ಕೊಂಡಿದ್ರ ಮುಗೀತಿತ್ತು" ಎಂದರು. ಅವ್ವ ಉಳಿದಳು. ಕಾಲಿನ ಎರಡು ಬೆರಳು ಮಾತ್ರ ಉಳಿಯಲಿಲ್ಲ.

ನನ್ನ ಸುಳ್ಳನ್ನು ಯಾರಿಗೂ ಹೇಳಲಿಲ್ಲ. ಒಂದೇ ಕಡೆ ಸವೆದ ಅವಳ ಚಪ್ಪಲಿ ಕಂಡಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತಿತ್ತು. ಹೋದ ವರ್ಷ ಜೇವರ್ಗಿಯಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಅವ್ವ ತೊಗರಿಬೇಳೆ ಹಸನು ಮಾಡುತ್ತಿದ್ದಾಗ ಕೊನೆಗೂ ಹೇಳಿದೆ. ಅವಳು ನಕ್ಕಳು.

"ಇಷ್ಟು ವರ್ಷ ಇದನ್ನ ಹೊತ್ಕೊಂಡು ತಿರುಗೀದೇನಬೇ, ಹುಚ್ಚಿ? ಅವತ್ತು ನನ್ನ ಕಣ್ಣಿಗಿ ಕತ್ತಲಿ ಬಂದಿತ್ತು. ನಿನ್ನ ಹಸರು ಲಂಗ ಒಂದು ಬಿಟ್ರ ಏನೂ ಕಾಣ್ತಿದ್ದಿಲ್ಲ. ಕೂಸು ಇಷ್ಟು ಖುಷಿಲಿಂದ ನಿಂತದ, ಹೆಂಗರ ಮಾಡಿ ಹೋಗೇ ಬರಾಣ ಅಂತ ಆರಾಮದೀನಿ ಅಂದೆ."

ನನಗೆ ಅಳು ತಡೆಯಲಾಗಲಿಲ್ಲ. ಅವಳು ಮೊರ ಬದಿಗಿಟ್ಟು ನನ್ನ ಕೈ ಹಿಡಿದಳು. ಅಂಗೈ ಬೆಚ್ಚಗಿತ್ತು.